ಪುಣೆಯಲ್ಲಿ ಆಫೀಸಿಗೆ ಸೈಕಲ್: ದಿನಾ ತುಳಿಯುವವರು ಹೇಳಿ

ಕೋಥ್ರೂಡ್‌ನಿಂದ ಪ್ರಶ್ನೆ:
ನನ್ನ ಆಫೀಸ್ ಶಿವಾಜಿನಗರದಲ್ಲಿದೆ. ಮನೆಯಿಂದ ಹೆಚ್ಚೂಕಡಿಮೆ 6 ಕಿಲೋಮೀಟರ್. ಕಾರಲ್ಲಿ ಹೊರಟರೆ ನಳ್ ಸ್ಟಾಪ್ ದಾಟುವಷ್ಟರಲ್ಲೇ ಸಾಕುಬೇಕಾಗುತ್ತದೆ. ಸೈಕಲ್ ಹಿಡಿಯೋಣ ಅಂತ ಮನಸ್ಸಿದೆ, ಆದರೆ ಬೆವರು, ಮಳೆ, ಟ್ರಾಫಿಕ್ ನೆನೆಸಿಕೊಂಡರೆ ಧೈರ್ಯ ಸಾಲುತ್ತಿಲ್ಲ. ವಯಸ್ಸು 42, ಕಾಲೇಜು ಬಿಟ್ಟ ಮೇಲೆ ಸೈಕಲ್ ಮುಟ್ಟಿಲ್ಲ. ನಿಮ್ಮ ಅನುಭವ ಹೇಳ್ತೀರಾ?

ಎರಂಡವಣೆಯಿಂದ:
ಖಂಡಿತ ಆಗುತ್ತದೆ ಅಕ್ಕಾ. ಆದರೆ ಕಾರಿನ ದಾರಿಯಲ್ಲೇ ಸೈಕಲ್ ತಗೊಂಡು ಹೋಗಬೇಡಿ. ಟ್ರಾಫಿಕ್ಕಿಗೆ ಹೆದರಿ ಬಿಟ್ಟವರೆಲ್ಲ ಹೆಚ್ಚಾಗಿ ಈ ಕಾರಣಕ್ಕೇ ಬಿಟ್ಟಿದ್ದಾರೆ. ಕರ್ವೆ ರೋಡ್ ಬಿಟ್ಟು ಒಳಗಿನಿಂದ ಪ್ರಭಾತ್ ರೋಡಿನ ಗಲ್ಲಿಗಳಿಗೆ ಬನ್ನಿ, ಅಲ್ಲಿಂದ ಭಾಂಡಾರ್ಕರ್ ರೋಡ್ ಹಿಡಿಯಿರಿ. ಸ್ವಲ್ಪ ಸುತ್ತು, ಆದರೆ ಮರದ ನೆರಳಿದೆ, ಬಸ್ಸಿನ ಕಾಟ ಕಮ್ಮಿ. ಎಫ್‌ಸಿ (ಫರ್ಗ್ಯುಸನ್ ಕಾಲೇಜ್) ರೋಡ್, ಜೆಎಂ (ಜಂಗಲಿ ಮಹಾರಾಜ್) ರೋಡ್ ಎರಡೂ ಒನ್‌ವೇ. ಹೋಗುವ ದಾರಿ, ಬರುವ ದಾರಿ ಎರಡನ್ನೂ ಭಾನುವಾರ ಬೆಳಿಗ್ಗೆ ಒಂದು ಸಲ ತುಳಿದು ನೋಡಿ.

ನಿಂತ ಕಾರುಗಳ ಪಕ್ಕ ಹೋಗುವಾಗ ಒಂದು ಬಾಗಿಲಿನಷ್ಟು ಜಾಗ ಬಿಡಿ. ಹಿಂದೆ ನೋಡದೆ ಬಾಗಿಲು ತೆಗೆಯುವವರು ಜಾಸ್ತಿ. ಬಸ್ಸಿನ ಎಡಕ್ಕೆ ಮಾತ್ರ ನುಗ್ಗಲೇಬೇಡಿ, ಡ್ರೈವರ್‌ಗೆ ನೀವು ಕಾಣುವುದಿಲ್ಲ.

ಸೈಕಲ್ ಟ್ರ್ಯಾಕ್ ನಂಬಿಕೊಂಡು ಹೊರಡಬೇಡಿ. ಒಂದು ಕಾಲಕ್ಕೆ ಪುಣೆ ಸೈಕಲ್‌ಗಳ ಊರು ಅಂತಲೇ ಹೆಸರಾಗಿತ್ತು. 2017ರಲ್ಲಿ ಪಾಲಿಕೆ ಇಡೀ ನಗರಕ್ಕೆ ಸೈಕಲ್ ಯೋಜನೆಯನ್ನೂ ಒಪ್ಪಿತು. ಇವತ್ತು ಎಷ್ಟೋ ಕಡೆ ಟ್ರ್ಯಾಕ್ ಮೇಲೆ ಬೈಕ್ ನಿಂತಿರುತ್ತವೆ, ಇಲ್ಲ ಅದು ಅರ್ಧಕ್ಕೇ ಮುಗಿದುಹೋಗುತ್ತದೆ. ನಮಗಾದರೆ ಸೈಕಲ್ ಇಷ್ಟಪಟ್ಟು ಆರಿಸಿಕೊಂಡದ್ದು. ಪೇಪರ್ ಹಾಕುವವರು, ಸೆಕ್ಯುರಿಟಿ ಕೆಲಸದವರು ಬೇರೆ ದಾರಿಯಿಲ್ಲದೆ ಇದೇ ರಸ್ತೆಯಲ್ಲಿ ದಿನಾ ತುಳಿಯುತ್ತಾರೆ. ಅವರಿಗಾದರೂ ಒಂದು ನೆಟ್ಟಗಿನ ದಾರಿ ಬೇಡವಾ?

ಔಂಧ್‌ನಿಂದ:
ಬೆವರಿನ ಅರ್ಧ ತೊಂದರೆ ಬೆನ್ನಿನ ಬ್ಯಾಗಿನದು. ಹಿಂದೆ ಕ್ಯಾರಿಯರ್ ಹಾಕಿಸಿ, ಲ್ಯಾಪ್‌ಟಾಪ್, ಡಬ್ಬಿ, ಇನ್ನೊಂದು ಶರ್ಟ್ ಎಲ್ಲ ಅದರ ಪಕ್ಕದ ಚೀಲಕ್ಕೆ ಹಾಕಿ. ಬೆನ್ನಿಗೆ ಗಾಳಿ ಆಡಿದರೆ ಎಷ್ಟು ವ್ಯತ್ಯಾಸ ಅಂತ ಮೊದಲ ದಿನವೇ ಗೊತ್ತಾಗುತ್ತದೆ. ಹಗುರ ಗೇರ್‌ನಲ್ಲಿ ಬೇಗ ಬೇಗ ತುಳಿಯಿರಿ, ಭಾರದ ಗೇರ್ ಹಾಕಿ ಮಂಡಿಗೆ ಕಷ್ಟ ಕೊಡಬೇಡಿ. ಕೊನೆಯ ಕಿಲೋಮೀಟರ್ ಆರಾಮಾಗಿ ಹೋದರೆ ಮೈ ತಣ್ಣಗಾಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಬೇಗ ಹೊರಡಲೇಬೇಕು.

ಯಾವ ಸೈಕಲ್ ಅಂದರೆ ಊರೊಳಗಿನ ರಸ್ತೆಗೆ ಹೊಂದುವ ಹೈಬ್ರಿಡ್ ಸಾಕು. ದಪ್ಪ ಟೈರ್, ಮುಂದೆ ಶಾಕ್ ಅಬ್ಸಾರ್ಬರ್ ಇರುವ ಎಂಟಿಬಿ (ಮೌಂಟನ್ ಬೈಕ್) ನೋಡಲು ಗಟ್ಟಿಮುಟ್ಟು, ಡಾಂಬರು ರಸ್ತೆಯಲ್ಲಿ ಸುಮ್ನೆ ಭಾರ. ಸೀಟಿನ ಎತ್ತರ ಸರಿ ಮಾಡಿಕೊಳ್ಳಿ: ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಅಂಗಡಿಯವರು ಎಷ್ಟೋ ಸಲ ತಗ್ಗಿಸಿಯೇ ಕೊಡುತ್ತಾರೆ, ಮಂಡಿನೋವು ಶುರುವಾಗುವುದು ಅಲ್ಲಿಂದಲೇ.

ಹಿಂಜೇವಾಡಿಯಿಂದ:
ದೂರ ಜಾಸ್ತಿ ಇದ್ದವರಿಗೆ ಇದು ಅಷ್ಟು ಸುಲಭ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಾನು ವಾರಕ್ಕೆ ಎರಡು ದಿನ ಮಾತ್ರ ಸೈಕಲ್ ತರುವುದು. ನಿಮ್ಮದು 6 ಕಿಲೋಮೀಟರ್ ಅಲ್ವಾ, ಲೆಕ್ಕ ಹಾಕಿ. ಹೋಗಿ ಬರುವುದು 12, ತಿಂಗಳಿಗೆ 22 ದಿನ ಅಂದರೆ 264 ಕಿಲೋಮೀಟರ್. ಟ್ರಾಫಿಕ್‌ನಲ್ಲಿ ಕಾರು ಲೀಟರಿಗೆ 12 ಕೊಟ್ಟರೂ 22 ಲೀಟರ್ ಪೆಟ್ರೋಲ್ ಉಳಿಯಿತು. ಸ್ಕೂಟರ್ ಬಿಟ್ಟು ಬರುವವರಿಗೆ ಇಷ್ಟು ಉಳಿಯದು. ಅವರಿಗೆ ಲಾಭ ಮೈಗೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ವ್ಯಾಯಾಮ ಬೇಕು ಅನ್ನುತ್ತದೆ. ಒಂದು ಕಡೆಗೆ 25 ನಿಮಿಷ ಅಂದುಕೊಂಡರೆ ಮೂರೇ ದಿನಕ್ಕೆ ಅಷ್ಟಾಯಿತು.

ಸಿಂಹಗಡ ರೋಡಿನಿಂದ:
ಮಳೆ ಬಗ್ಗೆ ಯಾರೂ ಹೇಳಲಿಲ್ಲ. ಎರಡೂ ಚಕ್ರಕ್ಕೆ ಮಡ್‌ಗಾರ್ಡ್ ಬೇಕೇ ಬೇಕು, ಇಲ್ಲದಿದ್ದರೆ ಬೆನ್ನ ಮೇಲೆಲ್ಲ ಕೆಸರಿನ ಗೆರೆ. ಡಿಸ್ಕ್ ಬ್ರೇಕ್ ಇದ್ದರೆ ಒಳ್ಳೆಯದು. ಚಕ್ರದ ಅಂಚಿಗೆ ಒತ್ತುವ ರಿಮ್ ಬ್ರೇಕ್ ಒದ್ದೆಯಾದಾಗ ಹಿಡಿಯುವುದು ತಡ, ಒಂದು ಮಾರು ಮೊದಲೇ ಒತ್ತಿ. ಮ್ಯಾನ್‌ಹೋಲ್ ಮುಚ್ಚಳ, ಬಿಳಿ ಪಟ್ಟಿ ಇವುಗಳ ಮೇಲೆ ತಿರುಗಿಸಬೇಡಿ, ಜಾರುತ್ತದೆ. ನೀರು ನಿಂತ ಗುಂಡಿಗೆ ಇಳಿಯಲೇಬೇಡಿ, ಆಳ ಯಾರಿಗೆ ಗೊತ್ತು? ಮನೆಗೆ ಬಂದ ಕೂಡಲೇ ಚೈನ್ ಒರೆಸಿ ಎರಡು ಹನಿ ಎಣ್ಣೆ ಬಿಡಿ. ಬಿಟ್ಟರೆ ಎರಡೇ ದಿನಕ್ಕೆ ಕೆಂಪು ತುಕ್ಕು, ಆಮೇಲೆ ತುಳಿದಾಗೆಲ್ಲ ಕರಕರ.

ಖಡಕ್‌ವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಭಿಡೆ ಪೂಲ್ (ನದಿಯ ತಗ್ಗು ಸೇತುವೆ) ಮುಳುಗುತ್ತದೆ, ಆ ದಾರಿಯನ್ನು ಮಳೆಗಾಲದಲ್ಲಿ ನಂಬಬೇಡಿ. ಜೋರು ಮಳೆ ಇದ್ದ ದಿನ ಹಟ ಬೇಡ. ನಿಮಗೆ ಕೋಥ್ರೂಡ್‌ನ ವನಾಜ್‌ನಿಂದ ಮೆಟ್ರೋ ಇದೆ, ಹತ್ತಿಬಿಡಿ. ಹಿಂದಿನ ಕೆಂಪು ಲೈಟನ್ನು ಮೋಡ ಕವಿದ ಹಗಲಲ್ಲೂ ಹಾಕಿರಿ. ಬೀಗವನ್ನು ಬರೀ ಚಕ್ರಕ್ಕೆ ಹಾಕಬೇಡಿ, ಫ್ರೇಮ್ ಸೇರಿಸಿ ಕಂಬಕ್ಕೆ ಕಟ್ಟಿ. ಆಫೀಸಿನ ವಾಚ್‌ಮನ್ ಕಾಕಾ ಅವರನ್ನು ಮೊದಲೇ ಮಾತಾಡಿಸಿದರೆ ನೆರಳಿರುವ ಜಾಗವೂ ಸಿಗುತ್ತದೆ.