ಅಡಿಕೆ ಕೊಳೆರೋಗದ ಪೇಪರ್ ಹುಡುಕೋದು ಹೇಗೆ? ಬರೀ ಬಾಯಿ ಕ್ಯಾನ್ಸರ್ ಬರ್ತಿದೆ!

ಮಳೆಗಾಲದ_ಹುಡುಗ
ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಕೃಷಿ, ಸಸ್ಯರೋಗ ವಿಭಾಗ, ಮೊದಲ ವರ್ಷ. ಅಡಿಕೆ ಕೊಳೆರೋಗದ ಮೇಲೆ ಕೆಲಸ ಮಾಡು ಅಂತ ಗೈಡ್ ಹೇಳಿದ್ದಾರೆ, ಮುಂದಿನ ತಿಂಗಳು ಸಿನಾಪ್ಸಿಸ್ ಕೊಡಬೇಕು. ಗೂಗಲ್ ಸ್ಕಾಲರ್‌ನಲ್ಲಿ 'ಬೀಟಲ್ ನಟ್ ಡಿಸೀಸ್' ಅಂತ ಹೊಡೆದರೆ ಬರೋದೆಲ್ಲ ಬಾಯಿ ಕ್ಯಾನ್ಸರ್. ಸರಿ, ಕೊಳೆರೋಗ ಅಂತಲೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಕಾಫಿ ಗಿಡದ ಪೇಪರ್‌ಗಳು ಬಂದು ಕೂರುತ್ತವೆ. ನನಗೆ ಬೇಕಿರುವುದು ಬೋರ್ಡೋ ದ್ರಾವಣ (ಸುಣ್ಣ, ಮೈಲುತುತ್ತದ ಮಿಶ್ರಣ) ಬಿಟ್ಟು ಬೇರೆ ಔಷಧಿಗಳನ್ನು ತೋಟದಲ್ಲೇ ಹೊಡೆದು ನೋಡಿದ ಪ್ರಯೋಗಗಳು. ಸೀನಿಯರ್ ಒಬ್ಬರು ಚಾಟ್‌ಜಿಪಿಟಿ ಕೇಳು ಅಂದರು. ಅದು ಚೆಂದದ ಪಟ್ಟಿಯನ್ನೇ ಕೊಟ್ಟಿತು, ಆದರೆ ಅದರಲ್ಲಿ ಕೆಲವು ಎಲ್ಲೂ ಸಿಗ್ತಾ ಇಲ್ಲ. ಹುಡುಕೋಕೆ ಏನಾದರೂ ಕ್ರಮ ಇದೆಯಾ?

ಹಾಳೆಟೋಪಿ
ಕ್ಯಾನ್ಸರ್ ಬರದೆ ಇನ್ನೇನು ಬರುತ್ತೆ, ಅಗಿಯೋದರ ಬಗ್ಗೆ ಬರೆಯುವ ಡಾಕ್ಟರುಗಳು ಜಾಸ್ತಿ ಬಳಸೋದು ಆ ಹೆಸರನ್ನೇ. ತೋಟದ ಕಡೆಯವರು 'ಅರೆಕಾನಟ್' ಅಂತ ಒಂದೇ ಪದವಾಗಿ ಬರೆಯುತ್ತಾರೆ, ಕೆಲವರು ಬಿಡಿಸಿ ಎರಡು ಪದ ಮಾಡುತ್ತಾರೆ. ಎರಡನ್ನೂ ಉದ್ಧರಣ ಚಿಹ್ನೆಯೊಳಗೆ ಹಾಕಿ, ನಡುವೆ ಇಂಗ್ಲಿಷ್ ದೊಡ್ಡಕ್ಷರದಲ್ಲಿ 'ಆರ್' (OR) ಕೊಡಿ. ಚಿಕ್ಕಕ್ಷರದಲ್ಲಿ ಕೊಟ್ಟರೆ ಕೆಲಸ ಮಾಡಲ್ಲ. ರೋಗಕ್ಕೂ ಹಾಗೇ: 'ಫ್ರೂಟ್ ರಾಟ್', 'ಮಹಾಳಿ', 'ಕೊಳೆರೋಗ' ಮೂರೂ ಬೇಕು.

ಕಾಫಿ ಬರೋದಕ್ಕೂ ಕಾರಣ ಇದೆ. 1876ರಲ್ಲಿ ಕುಕ್ ಅನ್ನುವವರು ಮೈಸೂರು ಕಡೆಯ ಕಾಫಿ ಎಲೆಯ ಮೇಲಿದ್ದ ಶಿಲೀಂಧ್ರಕ್ಕೆ ಪೆಲ್ಲಿಕ್ಯುಲೇರಿಯಾ ಕೊಳೆರೋಗ ಅಂತ ಹೆಸರಿಟ್ಟುಬಿಟ್ಟರು. ಅದು ಬೇರೆ ರೋಗ, ಬೇರೆ ಜೀವಿ. ಕಾಫಿ ಅನ್ನೋ ಪದಕ್ಕೆ ಮೊದಲು, ಜಾಗ ಬಿಡದೆ ಮೈನಸ್ ಹಾಕಿ, ಅದೆಲ್ಲ ಹೋಗುತ್ತೆ.

ಇನ್ನು ರೋಗಾಣುವಿನ ಹೆಸರು. ಇಲ್ಲೇ ಎಲ್ಲರೂ ಎಡವೋದು. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ 1910ರಲ್ಲಿ ಇದನ್ನು ಫೈಟಾಪ್ತೋರಾ ಆಮ್ನಿವೋರಾದ ಒಂದು ಬಗೆ ಅಂತ ಬರೆದರು. ಆಮೇಲೆ ಅದು ಫೈಟಾಪ್ತೋರಾ ಅರೆಕೆ ಆಯ್ತು. ಈಗ ಆ ಅರೆಕೆಯನ್ನೇ ಪಾಮಿವೋರಾದೊಳಗೆ ಸೇರಿಸಿದ್ದಾರೆ, ನಮ್ಮ ಕೊಳೆರೋಗದ ಇತ್ತೀಚಿನ ಪೇಪರ್‌ಗಳಲ್ಲಿ ಹೆಚ್ಚಾಗಿ ಕಾಣೋದು ಫೈಟಾಪ್ತೋರಾ ಮೀಡಿಯೈ. ಒಂದೇ ಹೆಸರು ಹಿಡಿದು ಹೊರಟರೆ ಆ ಒಂದು ಕಾಲದ ಪೇಪರ್ ಮಾತ್ರ ಕೈಗೆ ಬರುತ್ತೆ, ಉಳಿದದ್ದು ಇದೆ ಅಂತಲೂ ಗೊತ್ತಾಗಲ್ಲ.

ಪುಸ್ತಕದ_ಬೀರು
ಮೈನಸ್ ಹಾಕೋ ಸಲಹೆ ನನಗೆ ಅಷ್ಟು ಹಿಡಿಸಲಿಲ್ಲ. ಮಲೆನಾಡಲ್ಲಿ ಅಡಿಕೆ ನಡುವೆ ಕಾಫಿ ಇಲ್ಲದ ತೋಟ ಎಷ್ಟಿದೆ? 'ಪ್ರಯೋಗ ನಡೆದ ತೋಟದಲ್ಲಿ ಕಾಫಿ, ಮೆಣಸು ಇತ್ತು' ಅಂತ ಒಂದು ಸಾಲು ಇದ್ದರೂ ಸಾಕು, ಆ ಪೇಪರ್ ಹಾರಿಹೋಗುತ್ತೆ. ಮೊದಲು ಮೈನಸ್ ಇಲ್ಲದೆ ನೋಡಿ.

ನಾನು ಕಾಲೇಜು ಲೈಬ್ರರಿಯಲ್ಲಿರುವವಳು. ಹುಡುಗರು ಪದ ಬದಲಾಯಿಸಿ ಬದಲಾಯಿಸಿ ಸುಮ್ನೆ ಹೊಡೀತಾನೇ ಇರುತ್ತಾರೆ. ಅದನ್ನು ಬೇಗ ನಿಲ್ಲಿಸಿ. ನಿಮ್ಮ ವಿಷಯಕ್ಕೆ ಸರಿಯಾಗಿ ಕೂರುವ ಒಂದೇ ಒಂದು ಒಳ್ಳೆ ಪೇಪರ್ ಸಿಕ್ಕರೆ ಸಾಕು. ಅದರ ಕೊನೆಯ ಉಲ್ಲೇಖಗಳ ಪಟ್ಟಿ ಹಿಡಿದು ಹಿಂದಕ್ಕೆ ಹೋಗಿ. ಆಮೇಲೆ ಸ್ಕಾಲರ್‌ನಲ್ಲಿ ಅದರ ಕೆಳಗಿರುವ 'ಸೈಟೆಡ್ ಬೈ' ಒತ್ತಿ ಮುಂದಕ್ಕೆ ಬನ್ನಿ. ಅಲ್ಲೇ ಮೇಲೆ, ಉಲ್ಲೇಖಿಸಿದ ಲೇಖನಗಳೊಳಗೇ ಹುಡುಕು ಅನ್ನುವ ಒಂದು ಚೌಕ ಇರುತ್ತೆ, ಟಿಕ್ ಮಾಡಿ 'ಮ್ಯಾಂಡಿಪ್ರೊಪಮಿಡ್' ಅಂತಲೋ 'ಮೆಟಲಾಕ್ಸಿಲ್' ಅಂತಲೋ ಔಷಧಿಯ ಹೆಸರು ಹಾಕಿ. ಕ್ಯಾನ್ಸರ್, ಕಾಫಿ ಎಲ್ಲ ತಾನಾಗೇ ದೂರ ಆಗುತ್ತೆ.

ತೋಟದ ಪ್ರಯೋಗ ಬೇಕು ಅಂದರೆ ಜರ್ನಲ್‌ಗಿಂತ ಥೀಸಿಸ್ ನೋಡಿ. ಕೃಷಿಕೋಶ ಅನ್ನೋ ತಾಣದಲ್ಲಿ ಕೃಷಿ ವಿವಿಗಳ ಥೀಸಿಸ್ ಇವೆ, ಶೋಧಗಂಗಾ ತಾಣದಲ್ಲಿ ಬೇರೆ ವಿವಿಗಳ ಪಿಎಚ್.ಡಿ. ಪ್ರಬಂಧಗಳು. ಪ್ಲಾಟ್ ಪ್ರಕಾರ ಎಷ್ಟು ಕಾಯಿ ಉದುರಿತು, ಯಾವ ವಾರ ಎಷ್ಟು ಮಳೆ ಬಂತು, ಯಾವ ಔಷಧಿ ಕೆಲಸ ಮಾಡಲಿಲ್ಲ ಅನ್ನೋ ಟೇಬಲ್ ಅಲ್ಲೇ ಇರೋದು. ಕೆಲಸ ಮಾಡದ ಔಷಧಿಯ ಬಗ್ಗೆ ಪೇಪರ್ ಬರೆಯೋರು ಕಮ್ಮಿ ಅಲ್ವಾ. ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ವಾರ್ಷಿಕ ವರದಿಗಳನ್ನೂ ಬಿಡಬೇಡಿ.

ಪೂರ್ತಿ ಪೇಪರ್ ದುಡ್ಡು ಕೇಳಿದರೆ 'ಆಲ್ ವರ್ಷನ್ಸ್' ಒತ್ತಿ ನೋಡಿ, ಪುಕ್ಕಟೆ ಪ್ರತಿ ಇದ್ದರೆ ಹುಡುಕಿಕೊಡೋ ಅನ್‌ಪೇವಾಲ್ ಅನ್ನೋದನ್ನು ಬ್ರೌಸರ್‌ಗೆ ಹಾಕಿಕೊಳ್ಳಿ. ಸರ್ಕಾರಿ ಕಾಲೇಜಾದರೆ 2025ರ ಜನವರಿಯಿಂದ ಜರ್ನಲ್ ಓದಲು ಕೊಡೋ ಕೇಂದ್ರ ಸರ್ಕಾರದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಶುರುವಾಗಿದೆ, ಲಾಗಿನ್ ಬಗ್ಗೆ ನಿಮ್ಮ ಲೈಬ್ರರಿಯಲ್ಲಿ ಕೇಳಿ.

ಸುಣ್ಣ_ಮೈಲುತುತ್ತ
ಚಾಟ್‌ಜಿಪಿಟಿ ಪಟ್ಟಿಯಲ್ಲಿ ಡಿಒಐ (ಪೇಪರ್‌ನ ಗುರುತಿನ ನಂಬರು) ಇದ್ದರೆ ಡಿಒಐ ತಾಣದಲ್ಲೇ ಹಾಕಿ ನೋಡಿ. ತೆರೆದುಕೊಂಡರೂ ನಂಬಬೇಡಿ. ಒಳಗೆ ಇರೋದು ಅದೇ ಪೇಪರಾ ಅಂತ ಓದಿ, ಯಾಕಂದರೆ ನಿಜವಾದ ನಂಬರಿಗೆ ಇಲ್ಲದ ಶೀರ್ಷಿಕೆ ಅಂಟಿಸಿಕೊಡೋದೂ ಅದರ ಅಭ್ಯಾಸ. ಡಿಒಐ ಇಲ್ಲದಿದ್ದರೆ ಪೂರ್ತಿ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯಲ್ಲಿ ಹಾಕಿ ಹುಡುಕಿ. ನಮ್ಮ ಹಳೇ ಜರ್ನಲ್‌ಗಳಿಗೆ ಡಿಒಐ ಇಲ್ಲದಿರೋದು ಮಾಮೂಲು, ಹಾಗಂತ ಅದು ಸುಳ್ಳು ಪೇಪರ್ ಅಂತ ಕೈಬಿಡಬೇಡಿ. 'ಇದಕ್ಕೆ ಇನ್ನೇನು ಹೆಸರಿದೆ' ಅಂತ ಕೇಳೋಕೆ ಮಾತ್ರ ಚಾಟ್‌ಜಿಪಿಟಿ ಚೆನ್ನಾಗಿದೆ.

ಮಳೆಗಾಲದ_ಹುಡುಗ
ಮೇಡಂ, ಥೀಸಿಸ್ ಐಡಿಯಾ ನನಗೆ ಹೊಳೆದೇ ಇರಲಿಲ್ಲ! ತುಂಬಾ ಥ್ಯಾಂಕ್ಸ್. ಹಾಳೆಟೋಪಿ ಸರ್, ನಿಮಗೂ. ಇನ್ನೊಂದು ಡೌಟು, ಹೊಸ ಪೇಪರ್ ಬೇಕಂತ 'ಸಾರ್ಟ್ ಬೈ ಡೇಟ್' ಒತ್ತಿದರೆ ಫಲಿತಾಂಶ ಒಮ್ಮೆಲೇ ಕಮ್ಮಿ ಆಗುತ್ತೆ. ಯಾಕೆ?

ಪುಸ್ತಕದ_ಬೀರು
ಅದು ಕಳೆದ ಒಂದು ವರ್ಷದಲ್ಲಿ ಸೇರಿಸಿದ್ದನ್ನು ಮಾತ್ರ ತೋರಿಸುತ್ತಪ್ಪ. ಅದರ ಬದಲು ಎಡಗಡೆ ವರ್ಷದ ಮಿತಿ ಇದೆ, 2019ರಿಂದ ಈಚೆಗೆ ಅಂತ ಕೊಡಿ. ಮಿತಿ ಹಾಕದೇ ಬಿಟ್ಟರೆ ಜಾಸ್ತಿ ಉಲ್ಲೇಖ ಆದ ಹಳೇ ಪೇಪರ್‌ಗಳೇ ಮೇಲೆ ಬರುತ್ತವೆ. ಮತ್ತೆ ಯಾವ ದಿನ, ಎಲ್ಲಿ, ಯಾವ ಪದ ಹಾಕಿ ಹುಡುಕಿದಿರಿ ಅಂತ ಒಂದು ಹಾಳೆಯಲ್ಲಿ ಬರೆದಿಡಿ, ಸಿನಾಪ್ಸಿಸ್ ದಿನ ಕಮಿಟಿಯವರು ಅದನ್ನು ಕೇಳಬಹುದು.