62ರ ಸ್ಟ್ರಾಟ್ ರೀಇಶ್ಯೂ: ಬೆಂಡ್ ಮಾಡಿದರೆ ಸ್ವರ ಸಾಯುತ್ತೆ, ಮೂರನೇ ತಂತಿ ಜೋರು. ಏನೇನು ಬದಲಿಸಬಹುದು?

ಮಲೆನಾಡ್_ತಂತಿ:
ಫೆಂಡರ್ ಅಮೆರಿಕನ್ ವಿಂಟೇಜ್ 62 ಸ್ಟ್ರಾಟೋಕಾಸ್ಟರ್ (1962ರ ಎಲೆಕ್ಟ್ರಿಕ್ ಗಿಟಾರ್ ಮಾದರಿಯನ್ನು ಕಂಪನಿಯೇ ಮತ್ತೆ ತಯಾರಿಸಿದ್ದು, ಅಂದರೆ ರೀಇಶ್ಯೂ), ಲಿಮಿಟೆಡ್ ರನ್, ಸೆಕೆಂಡ್ ಹ್ಯಾಂಡ್. ನೆಕ್ ಪ್ಲೇಟ್ ಮೇಲೆ ‘ವಿ’ಯಿಂದ ಶುರುವಾಗುವ ನಂಬರ್ ಇದೆ. 10-46 ತಂತಿ ಸೆಟ್ (ಒಂದನೇ ಮತ್ತು ಆರನೇ ತಂತಿಯ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ). ಒಂದನೇ ತಂತಿಯನ್ನು 14ನೇ ಫ್ರೆಟ್ (ಹಲಗೆಯ ಮೇಲಿನ ಅಡ್ಡ ಲೋಹದ ಪಟ್ಟಿ) ಆಚೆ ಪೂರ್ತಿ ಒಂದು ಸ್ವರ ಬೆಂಡ್ ಮಾಡಿದರೆ, ಅಂದರೆ ಒತ್ತಿದ ತಂತಿಯನ್ನು ಪಕ್ಕಕ್ಕೆ ತಳ್ಳಿ ಸ್ವರ ಏರಿಸಿದರೆ, ನಾದ ಕಟ್ಟಾಗುತ್ತದೆ. ಮೂರನೇ ತಂತಿ ಉಳಿದವಕ್ಕಿಂತ ಎದ್ದು ಕೇಳುತ್ತದೆ. ಮೂರು ಹಂತದ ಸ್ವಿಚ್ಚನ್ನು ಎರಡು ಹಂತಗಳ ನಡುವೆ ನಿಲ್ಲಿಸಿ ಎರಡು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಆಯಸ್ಕಾಂತ-ಸುರುಳಿ) ಒಟ್ಟಿಗೆ ನುಡಿಸಿದರೂ ಗುಂಯ್ ಸದ್ದು ಹೋಗುವುದಿಲ್ಲ. ಬೇರೆ ಸ್ಟ್ರಾಟ್‌ಗಳಲ್ಲಿ ಹೋಗುತ್ತದಲ್ಲ? ಮರುಮಾರಾಟದ ಬೆಲೆ ಬೀಳದ ಹಾಗೆ ಏನು ಮಾಡಿಸಬಹುದು ತಿಳಿಸಿ.

ಫ್ರೆಟ್_ರೇಗು:
ಇವು ಮೂರೂ ಗಿಟಾರ್ ಕೆಟ್ಟಿರುವುದರಿಂದ ಬಂದವಲ್ಲ. 62ರಲ್ಲಿ ಹೇಗಿತ್ತೋ ಹಾಗೇ ಮಾಡಿದ್ದಾರೆ, ಆ ಕಾಲದ ಮಿತಿಗಳೂ ಜೊತೆಗೇ ಬಂದಿವೆ.

ಮೊದಲು ಬೆಂಡ್ ವಿಷಯ. ಇದರ ಫಿಂಗರ್‌ಬೋರ್ಡ್ ರೇಡಿಯಸ್ 7.25 ಇಂಚು, ಅಂದರೆ ಉಬ್ಬು ಜಾಸ್ತಿ. ಅಂಚಿನಲ್ಲಿರುವ ಒಂದನೇ ತಂತಿಯನ್ನು ನಡುವಿನ ಕಡೆ ತಳ್ಳಿದಾಗ ಅದು ಆ ಉಬ್ಬನ್ನು ಹತ್ತುತ್ತದೆ. ಮುಂದಿನ ಫ್ರೆಟ್‌ನ ನಡುಭಾಗ ತಂತಿಗೆ ತಾಗಿತೆಂದರೆ ಸ್ವರ ಅಲ್ಲಿಗೇ ಸತ್ತಿತು. ಆದ್ದರಿಂದ ಅಳತೆಯಿಂದ ಶುರು ಮಾಡಿ. ಒಂದನೇ ಫ್ರೆಟ್‌ಗೆ ಕ್ಯಾಪೋ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಕೊನೆಯ ಫ್ರೆಟ್‌ನಲ್ಲಿ ಆರನೇ ತಂತಿ ಒತ್ತಿ, 8ನೇ ಫ್ರೆಟ್‌ಗೂ ತಂತಿಗೂ ನಡುವೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ. 0.3 ಮಿ.ಮೀ. ಇರಬೇಕು. ಆಮೇಲೆ ಕ್ಯಾಪೋ ತೆಗೆದು 17ನೇ ಫ್ರೆಟ್‌ನಲ್ಲಿ ಎತ್ತರ ನೋಡಿ: ಆರನೇ ತಂತಿಗೆ 2 ಮಿ.ಮೀ., ಒಂದನೆಯದಕ್ಕೆ 1.6. ಅಷ್ಟಿದ್ದೂ ಸ್ವರ ಸಾಯುತ್ತಿದ್ದರೆ ಒಂದನೇ ಮತ್ತು ಎರಡನೇ ತಂತಿಯ ಸ್ಯಾಡಲ್ (ಬಾಡಿಯ ಕಡೆ ತಂತಿ ಕೂರುವ ಲೋಹದ ತುಂಡು) ಏರಿಸಿ 1.8ರಿಂದ 2ಕ್ಕೆ ತನ್ನಿ. ಬಹುಪಾಲು ಇಲ್ಲಿಗೇ ಸರಿಹೋಗುತ್ತದೆ.

ಆ 0.3 ಬರದೆ ಟ್ರಸ್ ರಾಡ್ (ನೆಕ್ಕಿನ ಬಾಗು ಸರಿಪಡಿಸುವ ಒಳಗಿನ ಸರಳು) ತಿರುಗಿಸಬೇಕಾದರೆ ಅದರ ನಟ್ ನೆಕ್‌ನ ಬುಡದಲ್ಲಿದೆ, ನೆಕ್ ಬಿಚ್ಚಲೇಬೇಕು. ತಂತಿ ಸಡಿಲಿಸಿ, ನಾಲ್ಕು ಸ್ಕ್ರೂ ಕಳಚಿ. ಒಮ್ಮೆಗೆ ಎಂಟರಲ್ಲಿ ಒಂದು ಸುತ್ತಿಗಿಂತ ಹೆಚ್ಚು ಬೇಡ. ಪೂರ್ತಿ ಜೋಡಿಸಿ, ಶ್ರುತಿ ಮಾಡಿ, ಮತ್ತೆ ಅಳೆಯಿರಿ. ಸ್ಕ್ರೂ ವಾಪಸ್ ಹಾಕುವಾಗ ಮೊದಲು ಉಲ್ಟಾ ತಿರುಗಿಸಿ. ‘ಟಕ್’ ಅಂತ ಹಳೇ ಮರೆಯಲ್ಲಿ (ಸ್ಕ್ರೂ ಕೊರೆದ ಸುರುಳಿ ಗೆರೆಯಲ್ಲಿ) ಕೂತದ್ದು ಕೈಗೆ ಗೊತ್ತಾಗುತ್ತದೆ, ಆಮೇಲೆ ಬಿಗಿ ಮಾಡಿ. ಹಾಗೆ ಮಾಡದಿದ್ದರೆ ಮರದಲ್ಲಿ ಹೊಸ ಮರೆ ಕೊರೆದು ತೂತು ಸಡಿಲವಾಗುತ್ತದೆ. ನೆಕ್ ಕೈಲಿದ್ದಾಗಲೇ ಬುಡದಲ್ಲಿರುವ ತಾರೀಖಿನ ಫೋಟೋ ತೆಗೆದಿಡಿ. ಈ ‘ವಿ’ ನಂಬರುಗಳು ತಯಾರಾದ ವರ್ಷ ಹೇಳುವುದಿಲ್ಲ, ಕೊಳ್ಳುವವರು ಕೇಳುವುದು ಆ ತಾರೀಖನ್ನೇ.

ಫ್ರೆಟ್ ಲೆವೆಲಿಂಗ್, ಅಂದರೆ ಫ್ರೆಟ್‌ಗಳನ್ನು ಉಜ್ಜಿ ತಗ್ಗಿಸುವುದು, ಕಟ್ಟಕಡೆಯ ದಾರಿ. ಮೇಲಿನ ಫ್ರೆಟ್‌ಗಳ ನಡುಭಾಗ ಮಾತ್ರ ತುಸು ತಗ್ಗಿಸಿದರೆ ಬೆಂಡ್ ಸಲೀಸಾಗುತ್ತದೆ ನಿಜ. ಆದರೆ ವಿಂಟೇಜ್ ಫ್ರೆಟ್ ಎತ್ತರವೇ ಸುಮಾರು 1.1 ಮಿ.ಮೀ.; ಉಜ್ಜಿದ ಲೋಹ ಮತ್ತೆ ಬರುವುದಿಲ್ಲ.

ಸುರುಳಿ_ಸುತ್ತು:
ಮೂರನೇ ತಂತಿ ಜೋರಾಗಲು ಕಾರಣ ಪಿಕಪ್‌ನ ಆಯಸ್ಕಾಂತಗಳು. ಪಕ್ಕದಿಂದ ನೋಡಿ, ಆಯಸ್ಕಾಂತದ ಆರು ಕಡ್ಡಿಗಳಲ್ಲಿ ಮೂರನೆಯದೇ ಎಲ್ಲಕ್ಕಿಂತ ಮೇಲೆದ್ದಿದೆ. ಆ ಕಾಲದ ಸೆಟ್‌ನಲ್ಲಿ ಮೂರನೇ ತಂತಿ ಸುತ್ತಿದ ತಂತಿ (ಮೇಲೆ ಇನ್ನೊಂದು ತೆಳು ತಂತಿ ಸುತ್ತಿದ್ದು), ಅದರ ಸದ್ದು ಕಡಿಮೆ. ಈಗ ನಾವು ಹಾಕುವುದು ಸುತ್ತಿಲ್ಲದ ಬರೀ ತಂತಿ. ಕಡ್ಡಿಯನ್ನು ಒಳಕ್ಕೆ ಒತ್ತಲು ಮಾತ್ರ ಹೋಗಬೇಡಿ, ಕೈಮುಗಿದು ಹೇಳುತ್ತೇನೆ. ಈ ಪಿಕಪ್‌ಗಳಲ್ಲಿ ಕೂದಲಿನಂಥ ತಾಮ್ರದ ತಂತಿಯನ್ನು ನೇರ ಆಯಸ್ಕಾಂತದ ಮೇಲೇ ಸುತ್ತಿರುತ್ತಾರೆ. ಕಡ್ಡಿ ಜರುಗಿದರೆ ಒಳಸುತ್ತು ಹರಿಯುತ್ತದೆ, ಪಿಕಪ್ ಸತ್ತಂತೆ. ಪಿಕಪ್ ಓರೆ ಮಾಡಿಯೂ ಫಲವಿಲ್ಲ, ಆ ಕಡ್ಡಿ ಇರುವುದೇ ನಡುವಿನಲ್ಲಿ. 9ರ ಸೆಟ್ ಹಾಕಿದರೆ ಮೂರನೇ ತಂತಿ 17ರ ಬದಲು 16 ಆಗುತ್ತದೆ, ಸದ್ದು ಕೊಂಚ ಇಳಿಯುತ್ತದೆ. 11ರ ಸೆಟ್ ನುಡಿಸುವವರಾದರೆ ಸುತ್ತಿದ ಮೂರನೇ ತಂತಿ ಸಿಗುತ್ತದೆ, ಆಗ ಸಮತೋಲ ಸರಿಯಾಗಿ ಕೂರುತ್ತದೆ, ಆದರೆ ಬೆಂಡ್ ಕಷ್ಟ.

ಎತ್ತರವನ್ನೂ ನೋಡಿ. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ಕಡ್ಡಿಯಿಂದ ತಂತಿಗೆ ಆರನೆಯದರ ಕಡೆ 2.4 ಮಿ.ಮೀ., ಒಂದನೆಯದರ ಕಡೆ 2 ಮಿ.ಮೀ. ಅದಕ್ಕಿಂತ ಹತ್ತಿರವಾದರೆ ಆಯಸ್ಕಾಂತ ತಂತಿಯನ್ನು ಎಳೆಯುತ್ತದೆ, ದಪ್ಪ ತಂತಿಯ ಮೇಲಿನ ಫ್ರೆಟ್‌ಗಳಲ್ಲಿ ಒಂದು ಸ್ವರ ಎರಡಾಗಿ ಅಲುಗಿದಂತೆ ಕೇಳುತ್ತದೆ. ಎಷ್ಟೋ ಜನ ಅದನ್ನು ಇಂಟೊನೇಶನ್ ದೋಷ (ಫ್ರೆಟ್‌ಗಳಲ್ಲಿ ಶ್ರುತಿ ಕೂಡದಿರುವುದು) ಅಂದುಕೊಂಡು ಸ್ಯಾಡಲ್ ತಿರುವುತ್ತಾ ಕೂರುತ್ತಾರೆ.

ಗುಂಯ್ ಸದ್ದು: ಈಗಿನ ಸ್ಟ್ರಾಟ್‌ಗಳಲ್ಲಿ ನಡುವಿನ ಪಿಕಪ್‌ನ ಸುತ್ತೂ ಉಲ್ಟಾ, ಆಯಸ್ಕಾಂತದ ಧ್ರುವವೂ ಉಲ್ಟಾ ಇರುವುದು ಸಾಮಾನ್ಯ, ಹಾಗಾಗಿ ಜೋಡಿಯಲ್ಲಿ ಸದ್ದು ರದ್ದಾಗುತ್ತದೆ. ನಿಮ್ಮದರಲ್ಲಿ ಮೂರೂ ಒಂದೇ ದಿಕ್ಕು. ನಡುವಿನದನ್ನು ಮಾತ್ರ ಬದಲಿಸಬಹುದು, ಆದರೆ ಎರಡೂ ಉಲ್ಟಾ ಇರಬೇಕು. ಒಂದೇ ಉಲ್ಟಾ ಆದರೆ ಜೋಡಿಸಿದಾಗ ಸ್ವರ ಟೊಳ್ಳಾಗುತ್ತದೆ. ದಿಕ್ಸೂಚಿ ಹಿಡಿದು ಧ್ರುವ ಪರೀಕ್ಷಿಸಿಯೇ ಕೊಳ್ಳಿ.

ಮಲೆನಾಡ್_ತಂತಿ:
ಬಹಳ ಉಪಕಾರವಾಯಿತು. ಕೇಸ್ ಒಳಗೆ ಪೊಟ್ಟಣದಲ್ಲಿ ಐದು ಹಂತದ ಸ್ವಿಚ್ ಇದೆ, ಹಾಕಿಸಲೇ? ಫಿಂಗರ್‌ಬೋರ್ಡ್ ಒಣಗಿದ ಹಾಗಿದೆ, ಅದಕ್ಕೇನು ಮಾಡಲಿ?

ಫ್ರೆಟ್_ರೇಗು:
ಹಾಕಿಸಿ. ಆ ಸ್ವಿಚ್ ಕಂಪನಿಯೇ ಗಿಟಾರ್ ಜೊತೆ ಕೊಟ್ಟದ್ದು. ಫೆಂಡರ್ ಐದು ಹಂತದ್ದನ್ನು ಸ್ಟ್ರಾಟ್‌ಗೆ ತಂದದ್ದೇ 1977ರಲ್ಲಿ, ಅದಕ್ಕೇ 62ರ ನಕಲಿಗೆ ಮೂರು ಹಂತದ್ದು ಕೂರಿಸಿದ್ದಾರೆ. ಒಂದೊಂದೇ ವಯರ್ ಬಿಡಿಸಿ ಹೊಸದರ ಅದೇ ಕಾಲಿಗೆ ಬೆಸುಗೆ ಹಾಕಿ. ಬಟ್ಟೆ ಸುತ್ತಿದ ವಯರ್, ಹೊದಿಕೆಯನ್ನು ಕತ್ತರಿಸದೆ ಹಿಂದಕ್ಕೆ ತಳ್ಳಿದರೆ ಸಾಕು. ಬ್ರಿಡ್ಜ್ ಪಿಕಪ್‌ಗೆ (ಸ್ಯಾಡಲ್‌ಗಳ ಪಕ್ಕದ್ದು) ಟೋನ್ ಗುಂಡಿ ಇಲ್ಲವಲ್ಲ, ಸ್ವಿಚ್‌ನ ಟೋನ್ ಬದಿಯಲ್ಲಿ ಖಾಲಿ ಇರುವ ಬ್ರಿಡ್ಜ್ ಕಾಲಿಗೂ ನಡುವಿನ ಕಾಲಿಗೂ ಒಂದು ತುಂಡು ವಯರ್ ಬೆಸೆದರೆ ಕೊನೆಯ ಟೋನ್ ಗುಂಡಿ ಎರಡಕ್ಕೂ ಕೆಲಸ ಮಾಡುತ್ತದೆ. ತೆಗೆದ ಸ್ವಿಚ್, ಪಿಕಪ್, ಸ್ಕ್ರೂ ಎಲ್ಲ ಹೆಸರು ಬರೆದು ಕೇಸ್‌ನಲ್ಲೇ ಇಡಿ. ಅವೆಲ್ಲ ಜೊತೆಗಿದ್ದರೆ ಬೆಲೆಗೆ ಅಷ್ಟೇನೂ ಹೊಡೆತವಿಲ್ಲ.

ಬೀಟೆ_ಹಲಗೆ:
ಮೂಲ 62ರಲ್ಲಿದ್ದದ್ದು ಬ್ರೆಜಿಲ್ ರೋಸ್‌ವುಡ್. 1992ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅತಿ ಕಟ್ಟುನಿಟ್ಟು, ಆದ್ದರಿಂದ ರೀಇಶ್ಯೂಗಳಲ್ಲಿ ಸಾಮಾನ್ಯವಾಗಿ ಇಂಡಿಯನ್ ರೋಸ್‌ವುಡ್, ನಮ್ಮ ಪಶ್ಚಿಮ ಘಟ್ಟದ ಬೀಟೆ ಮರವೇ. ತಂತಿ ಬದಲಿಸುವಾಗ ಲೆಮನ್ ಆಯಿಲ್ ಎರಡು ಹನಿ ಬಟ್ಟೆಗೆ ಹಾಕಿ ಒರೆಸಿ, ಐದು ನಿಮಿಷ ಬಿಟ್ಟು ಒಣಬಟ್ಟೆಯಲ್ಲಿ ಪೂರ್ತಿ ತೆಗೆಯಿರಿ. ವರ್ಷಕ್ಕೆ ಎರಡು ಸಲ ಸಾಕು. ಬೇಸಿಗೆಯಲ್ಲಿ ಫ್ರೆಟ್ ತುದಿ ಬೆರಳಿಗೆ ಚುಚ್ಚಿದರೆ ಮರ ಕುಗ್ಗಿದೆ ಎಂದರ್ಥ. ಅರ ಹಾಕುವ ಮುನ್ನ ಎರಡು ವಾರ ಕೇಸ್‌ನಲ್ಲಿ ತೇವಾಂಶ ಶೇ. 45-50ಕ್ಕೆ ಹಿಡಿದು ನೋಡಿ.

ಬಾಡಿಗೆ ನೈಟ್ರೋ ಲ್ಯಾಕರ್ ಬಳಿದಿದ್ದರೆ ರಬ್ಬರ್ ಹಿಡಿಯ ಸ್ಟ್ಯಾಂಡ್‌ಗೆ ಒರಗಿಸಬೇಡಿ. ರಬ್ಬರ್ ತಾಗಿದಲ್ಲಿ ಬಣ್ಣ ಮೆತ್ತಗಾಗಿ ಕಲೆ ಬೀಳುತ್ತದೆ. ಕೈಗೆ ಸ್ಯಾನಿಟೈಸರ್ ಹಚ್ಚಿದ್ದರೆ ಚೆನ್ನಾಗಿ ಒಣಗುವ ತನಕ ಮುಟ್ಟಬೇಡಿ, ಆಲ್ಕೋಹಾಲ್‌ನಿಂದ ಈ ಲ್ಯಾಕರ್ ಹಾಳಾಗಬಹುದು.