ಕಿವಿಯ ಗುಂಯ್ ಸದ್ದು ಒಮ್ಮೊಮ್ಮೆ ಯಾಕೆ ಜೋರಾಗುತ್ತದೆ? ಇಎನ್‌ಟಿ ಡಾಕ್ಟರ್ ಜೊತೆ ಪ್ರಶ್ನೋತ್ತರ

ಬನಹಟ್ಟಿ: ಪವರ್‌ಲೂಮ್‌ನಲ್ಲಿ ಕೆಲಸ ಮೇಡಂ. ಹಗಲೆಲ್ಲ ಏನೂ ಗೊತ್ತಾಗುವುದಿಲ್ಲ. ರಾತ್ರಿ ಲೈಟ್ ಆರಿಸಿದ ಕೂಡಲೇ ಎರಡೂ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ. ಯಾಕ್ರೀ?

ಡಾಕ್ಟರ್: ಹಗಲೂ ಇರುತ್ತದೆ, ಮಗ್ಗದ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಒಳಗಿವಿಯಲ್ಲಿ ಸದ್ದು ಹಿಡಿಯುವ ಕೂದಲಕೋಶಗಳು ಗದ್ದಲಕ್ಕೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅಲ್ಲಿಂದ ಬರುವ ಸದ್ದಿನ ಸಂದೇಶ ಕಡಿಮೆಯಾದಾಗ ಮಿದುಳು ತಾನೇ ವಾಲ್ಯೂಮ್ ಏರಿಸಿಕೊಳ್ಳುತ್ತದೆ. ನಿದ್ದೆಗೆಟ್ಟ ದಿನ, ಚಿಂತೆಯ ದಿನ, ಹಲ್ಲು ಕಚ್ಚಿ ಮಲಗಿದ ಮರುದಿನ, ಶೀತವಾದಾಗ ಇನ್ನೂ ಜೋರು. ಮಲಗುವಾಗ ಫ್ಯಾನ್ ಹಾಕಿ, ಇಲ್ಲಾ ರೇಡಿಯೋ ಸಣ್ಣಗೆ ಇಡಿ. ಮಗ್ಗದ ಹತ್ತಿರ ಇಯರ್‌ಪ್ಲಗ್ ಬೇಕೇ ಬೇಕು. ಹತ್ತಿ ಸಾಲದು. ಕಿವಿ ಟೆಸ್ಟ್ ಮಾಡಿಸಿ.

ಹಾಸನ: ನನಗೂ ರಾತ್ರಿನೇ ಜಾಸ್ತಿ. ಯಾಕೆ?

ಡಾಕ್ಟರ್: ಮೇಲೆ ಬರೆದಿದ್ದೇನೆ, ಓದಿ.

ತುಮಕೂರು: (ಫಾರ್ವರ್ಡ್) ಬೆಳ್ಳುಳ್ಳಿ ಜಜ್ಜಿ ಎಣ್ಣೆಯಲ್ಲಿ ಕಾಯಿಸಿ ಮೂರು ಹನಿ ಬಿಡಿ. 21 ದಿನದಲ್ಲಿ ಗ್ಯಾರಂಟಿ!

ಡಾಕ್ಟರ್: ಯಾರೂ ಬಿಡಬೇಡಿ. ಕಿವಿಯ ತಮಟೆ ತೂತಾಗಿದ್ದರೆ ಎಣ್ಣೆ ಒಳಗಿಳಿದು ಸೋಂಕಾಗುತ್ತದೆ. ಹಸಿ ಬೆಳ್ಳುಳ್ಳಿ ಚರ್ಮ ಸುಡುತ್ತದೆ. ಇದನ್ನು ಎಷ್ಟು ಸಲ ಹೇಳಬೇಕು?

ತುಮಕೂರು: ನಮ್ಮಜ್ಜಿಗೆ ವಾಸಿಯಾಗಿದೆ.

ಶಿರಸಿ: ಅಜ್ಜಿಗೆ ಇದ್ದದ್ದು ಗುಗ್ಗೆ ಇರಬೇಕು. ಎಣ್ಣೆಗೆ ಮೆತ್ತಗಾಗಿ ಬಂದಿರುತ್ತೆ.

ತುಮಕೂರು: ನೀವು ನೋಡಿದ್ರಾ? ನೀವೇನು ಡಾಕ್ಟರಾ?

ಮಡಿಕೇರಿ: ಮೇಡಂ, ಹಿಯರಿಂಗ್ ಏಡ್ ಹಾಕಿದರೆ ಸದ್ದು ಕಡಿಮೆಯಾಗುತ್ತದಾ? ಎಷ್ಟಾಗುತ್ತದೆ?

ಶಿರಸಿ: ತುಮಕೂರಿನವರೇ, ಡಾಕ್ಟರ್ ಹೇಳಿದ್ದನ್ನಾದರೂ ಓದಿ ಸ್ವಾಮಿ.

ನಂಜನಗೂಡು: ಅಮ್ಮನಿಗೆ 58, ಶುಗರ್ ಇದೆ. ಸೋಮವಾರ ಎದ್ದಾಗ ಎಡಗಿವಿ ಕಟ್ಟಿದ ಹಾಗೆ, ಒಳಗೆ ಮೋಟರ್ ಓಡುವ ಸದ್ದು. ಆ ಕಿವಿಗೆ ಫೋನ್ ಹಿಡಿದರೆ ಏನೂ ಕೇಳಿಸುತ್ತಿಲ್ಲ. ಶೀತ ಅಂತ ಹನಿ ಹಾಕುತ್ತಿದ್ದೇವೆ. ಹೋಗಿ ಬಂದು ಮಾಡುತ್ತೆ ಅಲ್ವಾ, ಕಾಯಬಹುದಾ?

ಡಾಕ್ಟರ್: ಕಾಯಬೇಡಿ. ಬೇರೆಯವರದ್ದು ಸದ್ದು ಏರಿಳಿಯುವ ಮಾತು, ಅಮ್ಮನಿಗೆ ಕೇಳಿಸುವುದೇ ನಿಂತಿದೆ. ಒಂದು ಕಿವಿ ಇದ್ದಕ್ಕಿದ್ದಂತೆ ಹೋದರೆ ತುರ್ತು ಅಂತಲೇ ತಿಳಿಯಬೇಕು. ಗುಗ್ಗೆಯೂ ಇರಬಹುದು, ಆದರೆ ಕಿವಿಯೊಳಗೆ ನೋಡದೆ ಹೇಳಲಾಗದು. ನರದ ತೊಂದರೆಯಾದರೆ ಸ್ಟಿರಾಯ್ಡ್ ಮೊದಲ ಎರಡು ವಾರದೊಳಗೇ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು. ಮಾತ್ರೆಯಿಂದ ಶುಗರ್ ಏರುತ್ತದೆ, ಅದಕ್ಕೆ ಕಿವಿಯೊಳಗೇ ಇಂಜೆಕ್ಷನ್ ಕೊಡುವ ದಾರಿಯೂ ಇದೆ. ಮೆಡಿಕಲ್‌ನಿಂದ ನೀವೇ ತರಬೇಡಿ. ಹನಿ ನಿಲ್ಲಿಸಿ. ಅಮ್ಮನಿಗೆ ಬಾಯಿ ಮುಚ್ಚಿ 'ಮ್' ಅನ್ನಲು ಹೇಳಿ. ಚೆನ್ನಾಗಿರುವ ಕಿವಿಯ ಕಡೆ ಜೋರಾಗಿ ಕೇಳಿದರೆ ನರದ ಅನುಮಾನ ಜಾಸ್ತಿ. ಯಾವ ಕಡೆ ಕೇಳಿದರೂ ಹೊರಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಿಮಗೆ ಹತ್ತಿರ. ಮುಖ ಸೊಟ್ಟಗಾಗಿದ್ದರೆ, ಮಾತು ತೊದಲಿದರೆ ನೇರ ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗೆ.

ತುಮಕೂರು: ಎಲ್ಲದಕ್ಕೂ ಸ್ಟಿರಾಯ್ಡ್! ಮೊದಲು ಎಣ್ಣೆ ನೋಡಿ ಆಮೇಲೆ...

ಡಾಕ್ಟರ್: ನೀವು ಸ್ವಲ್ಪ ಸುಮ್ನಿರಿ. ಅವರ ಕಿವಿ ಉಳಿಯಬೇಕು.

ಹಾಸನ: ಕಾಫಿ ಬಿಟ್ಟರೆ ಕಡಿಮೆಯಾಗುತ್ತಾ?

ನಂಜನಗೂಡು: 'ಮ್' ಬಲಗಿವಿಯಲ್ಲೇ ಕೇಳುತ್ತಂತೆ. ನಾಳೆ ರಜೆ ಹಾಕಿ ಕರಕೊಂಡು ಹೋಗಲಾ?

ಡಾಕ್ಟರ್: ಇವತ್ತೇ. ಇನ್ನೂ ಬೆಳಿಗ್ಗೆ ಇದೆ, ಓಪಿಡಿ ಸಿಗುತ್ತದೆ. ಶುಗರ್ ರಿಪೋರ್ಟ್, ಈಗ ನುಂಗುವ ಮಾತ್ರೆಗಳ ಚೀಟಿ ಜೊತೆಗಿರಲಿ.